ಹಿತ್ತಲಾಗ ಎರಡು-ಮೂರು ಹಂದಿ ಸಾಕಬೇಕಂತೀನಿ, ಗೋವಾದಾಗ ಯಾರರ ಮಾಡೀರೇನು?

ಹುಬ್ಬಳ್ಳಿ_ಟು_ಕೆಪೆಂ:
ಎಲ್ಲಾರ್ಗೂ ನಮಸ್ಕಾರ್ರೀ. ನಾ ವೆರ್ಣಾ ಇಂಡಸ್ಟ್ರಿಯಲ್ ಎಸ್ಟೇಟ್‌ನಾಗ ಕೆಲಸ ಮಾಡ್ತೀನಿ, ಮನಿ ಕೆಪೆಂ ದಾಟಿ ಬಾಳ್ಳಿ ಕಡೆ. ಮನಿ ಹಿಂದ ನಾಕೈದು ಗುಂಟೆ ಖಾಲಿ ಬಿದ್ದೈತಿ, ತೆಂಗು, ಹಲಸು, ಒಂದಿಷ್ಟು ಗೇರು, ಬಾವಿನೂ ಐತಿ. ಹೆಂಡ್ತಿ ಮಂಗಳೂರು ಕಡೆ ಕ್ರಿಶ್ಚಿಯನ್, ಅವರ ಮನ್ಯಾಗ ಹಬ್ಬ ಅಂದ್ರ ಹಂದಿ ಬೇಕಾ ಬೇಕು. ಮಾರ್ಕೆಟ್‌ನಾಗ ಯಾವ ಹಂದಿ, ಏನು ತಿಂದಿದ್ದು ಅಂತ ಗೊತ್ತಾಗಂಗಿಲ್ಲ, ಅದಕ್ಕ ನಾವ ಎರಡು-ಮೂರು ಸಾಕಿದ್ರ ಹೆಂಗ ಅಂತ ವಿಚಾರ ನಡದೈತಿ. ಮಾರಾಕಲ್ಲ, ಮನಿಗೆ ಮತ್ತ ಬೀಗರಿಗೆ ಅಷ್ಟ.

ಕೇಳೂದು ಏನಂದ್ರ, ಮರಿ ಎಲ್ಲಿ ತರೂದು, ಹೋಟೆಲ್ ಮುಸುರಿ ಹಾಕಬಹುದೇನು (ಗೆಳೆಯಾಂದು ಒಂದು ಖಾನಾವಳಿ ಐತಿ, ದಿನಾ ಎರಡು ಬಕೆಟ್ ಕೊಡ್ತೀನಿ ಅಂತಾನ), ಪಂಚಾಯ್ತಿಯವ್ರು ತಕರಾರು ಮಾಡ್ತಾರೇನು, ಕಡೀಕ ಕಡಿಯಾವ್ರು ಯಾರು? ಸುಮ್ನ ಚಲೋ ಆಕ್ಕೈತಿ ಮಾಡ್ರಿ ಅನ್ನಬ್ಯಾಡ್ರಿ, ಲೆಕ್ಕ ಹಾಕಿ ಹೇಳ್ರಿ.

ಬಾಂದ್ರಾ_ಬಾಯಿ:
ಕ್ರಿಸ್ಮಸ್ಸಿಗೆ ನನಗೆ ನಾಲ್ಕು ಕಿಲೋ ಬುಕ್ ಮಾಡಿ ಮಾರ್ರೆ, ಕೊಬ್ಬು ಸಮೇತ 😄

ಮಡಗಾಂವ್_ಮೇಷ್ಟ್ರು:
ಮೊದಲು ತಳಿ ಯಾವುದು ಅಂತ ತೀರ್ಮಾನ ಮಾಡಿ. ಗೋವಾದಲ್ಲಿ ಎರಡು ದಾರಿ ಇದೆ. ಒಂದು ಊರ ಕರಿ ಹಂದಿ. ಅದಕ್ಕೆ ಅಗೊಂದಾ ಗೋವನ್ ಅಂತ ತಳಿಯ ಹೆಸರಲ್ಲೇ ರಾಷ್ಟ್ರೀಯ ನೋಂದಣಿ ಆಗಿದೆ, ನಿಮ್ಮ ಪಕ್ಕದ ಕಾಣಕೋಣ ತಾಲೂಕಿನ ಅಗೊಂದಾ ಊರಿನ ಹೆಸರು. ಸಣ್ಣ ಮೈ, ಗಟ್ಟಿ ಜೀವ, ಸೊಪ್ಪುಸದೆ ತಿಂದು ಬದುಕುತ್ತೆ, ಆದರೆ ಬೆಳೆಯೋದು ನಿಧಾನ. ಇನ್ನೊಂದು ಬಿಳಿ ಯಾರ್ಕ್‌ಶೈರ್, ಅಥವಾ ಅದರ ಕ್ರಾಸ್. ಒಳ್ಳೆ ಫೀಡ್ ಕೊಟ್ಟರೆ ಎಂಟು ತಿಂಗಳ ಹೊತ್ತಿಗೆ 80-90 ಕಿಲೋ ಬರುತ್ತೆ, ಫೀಡ್ ಕೊಡದಿದ್ದರೆ ಕಡ್ಡಿ ಹಂಗೇ ಇರುತ್ತೆ. ಓಲ್ಡ್ ಗೋವಾದಲ್ಲಿ ಐಸಿಎಆರ್‌ನ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆ ಇದೆಯಲ್ಲ, ಅಲ್ಲಿ ಹಂದಿ ಘಟಕ ಇದೆ. ಮರಿ ಸಿಗಲಿ ಬಿಡಲಿ, ಒಂದು ಸಲ ಹೋಗಿ ಶೆಡ್ ಹೇಗಿದೆ ಅಂತ ನೋಡಿಕೊಂಡು ಬನ್ನಿ.

ಮನೆ ಊಟಕ್ಕೆ ಅಂದ್ರೆ ನನ್ನ ವೋಟು ಕ್ರಾಸಿಗೆ. ರುಚಿ ಅಂದ್ರೆ ಕರಿ ಹಂದಿಗೆ, ಅದರಲ್ಲಿ ಎರಡು ಮಾತಿಲ್ಲ.

ಪಶುವೈದ್ಯ_ಫೋಂಡಾ:
ಮುಸುರೆ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಈ ಪೋಸ್ಟ್‌ನಲ್ಲಿ ಭಯ ಹುಟ್ಟಿಸೋದು ಅದೊಂದೇ. ಆಫ್ರಿಕನ್ ಹಂದಿ ಜ್ವರ 2020ರಲ್ಲಿ ಅಸ್ಸಾಂ, ಅರುಣಾಚಲದಲ್ಲಿ ಮೊದಲ ಸಲ ಕಾಣಿಸಿಕೊಂಡಿದ್ದು, 2022ರಲ್ಲಿ ವಯನಾಡಿಗೆ ಬಂತು. ಔಷಧಿ ಇಲ್ಲ, ಬಂದ ಕೊಟ್ಟಿಗೆಯಲ್ಲಿ ಹೆಚ್ಚುಕಮ್ಮಿ ಎಲ್ಲಾ ಸಾಯ್ತವೆ. ಒಂದು ಕಡೆ ಬಂತು ಅಂದ್ರೆ ಸುತ್ತ ಒಂದು ಕಿಲೋಮೀಟರ್ ಒಳಗಿನ ಹಂದಿನೆಲ್ಲ ಕೊಲ್ಲಿಸ್ತಾರೆ, ನಿಮ್ಮದು ಗಟ್ಟಿಮುಟ್ಟಾಗಿದ್ರೂ ಸರಿ. ಮನುಷ್ಯರಿಗೆ ಅಂಟಲ್ಲ, ಅದೊಂದು ಸಮಾಧಾನ. ಆದರೆ ಈ ವೈರಸ್ಸು ಫ್ರೀಜರ್ ಮಾಂಸದಲ್ಲಿ, ಸಾಸೇಜ್‌ನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತೆ. ಖಾನಾವಳಿ ಬಕೆಟ್ಟಿನಲ್ಲಿ ಎಲ್ಲಿಂದಲೋ ಬಂದ ಪೋರ್ಕಿನ ಒಂದು ತುಂಡು ಇದ್ದರೂ ಸಾಕು, ಕಥೆ ಮುಗೀತು.

ಹಾಕಲೇಬೇಕು ಅಂದ್ರೆ ಕುದಿ ಬಂದಮೇಲೆ ಅರ್ಧ ಗಂಟೆ ಕೈಯಾಡಿಸ್ತಾ ಕುದಿಸಿ. ಆರಿಸಿ ಹಾಕಿ. ಹಸಿ ಬಕೆಟ್ಟೂ ಕುದಿಸಿದ ಬಕೆಟ್ಟೂ ಬೇರೆ ಬೇರೆ ಇರಲಿ, ಅಲ್ಲೇ ಜನ ಎಡವೋದು.

ಇದು ಬೇರೆ, ಹಳೇ ಹಂದಿ ಜ್ವರ ಅಂದ್ರೆ ಕ್ಲಾಸಿಕಲ್ ಸ್ವೈನ್ ಫೀವರ್ ಬೇರೆ. ಅದಕ್ಕೆ ಲಸಿಕೆ ಇದೆ, ಮರಿಗಳಿಗೆ ಹಾಕಿಸಲೇಬೇಕು. ಆ ಲಸಿಕೆ ಆಫ್ರಿಕನ್ ಜ್ವರ ತಡೆಯಲ್ಲ, ಆದರೂ ಅದನ್ನ ಹಾಕಿಸಿದ್ದೀನಿ ನನಗೇನೂ ಆಗಲ್ಲ ಅಂತ ಕೂತವರನ್ನ ನೋಡಿದ್ದೀನಿ.

ವಾಸ್ಕೋ_ಹಳಬ:
ಡಾಕ್ಟ್ರೇ ನೀವು ಹೆದರಿಸೋದು ಜಾಸ್ತಿ ಆಯ್ತು. ನಾವು ಚಿಕ್ಕವರಿದ್ದಾಗ ಇಲ್ಲಿ ಮನೆ ಹಿಂದೆ ಪಾಯಖಾನೆ ಕೆಳಗೇ ಹಂದಿ ಇರ್ತಿದ್ವು, ಎಲ್ಲಾ ತಿಂದು ಬೆಳೀತಿದ್ವು, ಫೆಸ್ಟಿಗೆ ಕಡೀತಿದ್ರು, ಊರಿಗೂರೇ ತಿಂತಿತ್ತು, ಯಾರಿಗೇನಾಯ್ತು ಹೇಳಿ? ಕುದಿಸಿ ಹಾಕಬೇಕಂತೆ. ನಮ್ಮ ಮಕ್ಕಳಿಗೂ ಅಷ್ಟು ಮಾಡಲ್ಲ.

ಪಶುವೈದ್ಯ_ಫೋಂಡಾ:
ಯಾರಿಗೇನಾಯ್ತು ಅಂತ ನರರೋಗದ ವಾರ್ಡಿನಲ್ಲಿ ಕೇಳಬೇಕು ಸ್ವಾಮಿ. ಲಾಡಿಹುಳು ಅಂತ ಕೇಳಿದ್ದೀರಲ್ಲ? ಹಂದಿ ಮನುಷ್ಯರ ಮಲ ತಿಂದ್ರೆ ಆ ಹುಳದ ಮೊಟ್ಟೆ ಹಂದಿ ಹೊಟ್ಟೆಗೆ ಹೋಗುತ್ತೆ, ಮಾಂಸದಲ್ಲಿ ಅಕ್ಕಿಕಾಳಿನಷ್ಟು ಬಿಳಿ ಗುಳ್ಳೆ ಆಗುತ್ತೆ. ಅದನ್ನ ಅರೆಬೆಂದದ್ದು ತಿಂದ್ರೆ ನಮ್ಮ ಹೊಟ್ಟೆಯಲ್ಲಿ ಲಾಡಿಹುಳು.

ಬಾಂದ್ರಾ_ಬಾಯಿ:
ಅಯ್ಯೋ ತಲೆಗೆ ಹುಳ ಹೋಗ್ತದೆ ಅಂತಾರಲ್ಲ ಅದೇ ಅಲ್ವಾ ಇದು? ಪೋರ್ಕ್ ತಿಂದ್ರೆ ಮೆದುಳಿಗೆ ಹೋಗುವುದು?

ಪಶುವೈದ್ಯ_ಫೋಂಡಾ:
ಎಲ್ಲರೂ ತಪ್ಪು ತಿಳಿದಿರೋದು ಇಲ್ಲೇ. ಮಾಂಸ ತಿಂದ್ರೆ ಹೊಟ್ಟೆಯಲ್ಲಿ ಹುಳು. ಮೆದುಳಿಗೆ ಗುಳ್ಳೆ ಹೋಗೋದು ಹುಳದ ಮೊಟ್ಟೆ ನುಂಗಿದ್ರೆ, ಆ ಮೊಟ್ಟೆ ಬರೋದು ಹುಳ ಇರೋ ಮನುಷ್ಯನ ಮಲದಿಂದ. ಕೈ ತೊಳೆಯದ ಅಡುಗೆಯವನು, ಗಲೀಜು ನೀರು ಬಿಟ್ಟ ಸೊಪ್ಪು, ಹೀಗೆ. ಅದಕ್ಕೇ ಹಂದಿ ಕಣ್ಣಲ್ಲೂ ನೋಡದ ಶುದ್ಧ ಸಸ್ಯಾಹಾರಿಗೂ ಬರುತ್ತೆ. ಹಂದಿನ ಕಟ್ಟಿಹಾಕಿ ಸಾಕಿ, ಮನೆಯಲ್ಲಿ ಎಲ್ಲರೂ ಪಾಯಖಾನೆ ಬಳಸಿದ್ರೆ ಆ ಸರಪಳಿನೇ ಕಟ್. ಮನೆ ಹಂದಿಯಿಂದ ಆಗೋ ದೊಡ್ಡ ಲಾಭ ಅದೇ ಅಂತೀನಿ ನಾನು.

ವಾಸ್ಕೋ_ಹಳಬ:
ಸರಿ ಬಿಡಿ, ನೀವು ಓದಿದವರು.

ಪುಣೆ_ಲೆಕ್ಕಿಗ:
ಲೆಕ್ಕ ಕೇಳಿದ್ದಾರೆ, ಯಾರೂ ಕೊಡ್ತಿಲ್ಲ, ನಾನೇ ಕೊಡ್ತೀನಿ. ಪೂರ್ತಿ ಕೊಂಡ ಫೀಡ್ ಅಂತಲೇ ಇಟ್ಕೊಳ್ಳಿ. 12 ಕಿಲೋ ಮರಿ, 90ಕ್ಕೆ ಕಡಿಯೋದು. ಅಂದ್ರೆ 78 ಕಿಲೋ ಏರಬೇಕು. ಒಂದು ಕಿಲೋ ಏರೋಕೆ ಮೂರೂವರೆ ಕಿಲೋ ಫೀಡ್ ಅಂದ್ರೂ 273 ಕಿಲೋ. ಕಿಲೋಗೆ 32 ರೂಪಾಯಿ ಹಿಡಿದ್ರೆ ಹತ್ರಹತ್ರ 8,700. ಮರಿ ಬೆಲೆ, ಲಸಿಕೆ, ಹುಳದ ಔಷಧಿ ಸೇರಿ 13,500 ಅಂತಿಟ್ಕೊಳ್ಳಿ. 90 ಕಿಲೋ ಹಂದಿ ಕಡಿದ್ರೆ ಎಲುಬು ಸೇರಿ 65 ಕಿಲೋ ಬರುತ್ತೆ. ಕಿಲೋಗೆ 208 ಬಿತ್ತು.

ಖುಷಿ ಪಡಬೇಡಿ. ಮೂರರಲ್ಲಿ ಒಂದು ಕೊನೆ ತಿಂಗಳಲ್ಲಿ ಸತ್ತರೆ? 40,500 ಖರ್ಚು, 130 ಕಿಲೋ ಮಾಂಸ. ಕಿಲೋಗೆ 312 ಆಯ್ತು. ಶೆಡ್ಡಿನ ದುಡ್ಡು, ನಿಮ್ಮ ಬೆಳಗಿನ ಒಂದು ಗಂಟೆ, ಊರಿಗೆ ಹೋಗೋಕಾಗದೆ ತಪ್ಪಿಸಿದ ಮದುವೆಗಳು, ಇದ್ಯಾವುದೂ ಲೆಕ್ಕದಲ್ಲಿಲ್ಲ. ಉಳಿತಾಯಕ್ಕೆ ಅಂತ ಮಾಡೋದಾದ್ರೆ ಕೈಬಿಡಿ. ಏನು ತಿಂದ ಹಂದಿ ಅಂತ ಗೊತ್ತಿರಬೇಕು ಅನ್ನೋದಕ್ಕಾದ್ರೆ ಮಾಡಿ.

ಮಡಗಾಂವ್_ಮೇಷ್ಟ್ರು:
ಪೂರ್ತಿ ಫೀಡ್ ಕೊಂಡು ಯಾರು ಮನೆ ಹಂದಿ ಸಾಕ್ತಾರೆ ಮಾರಾಯ? ಅವರ ಹಿತ್ತಲಲ್ಲೇ ಹಲಸು ಇದೆ, ಗೇರು ಇದೆ, ತೆಂಗು ಇದೆ. ಅಕ್ಕಿ ತವುಡು, ತೆಂಗಿನ ಹಿಂಡಿ, ಬೇಯಿಸಿದ ಮರಗೆಣಸು ಹಾಕಿದ್ರೆ ಅರ್ಧಕ್ಕರ್ಧ ಫೀಡ್ ಉಳೀತು.

ಪುಣೆ_ಲೆಕ್ಕಿಗ:
ಉಳೀತು, ಜೊತೆಗೆ ಎಂಟು ತಿಂಗಳು ಹನ್ನೆರಡಾಯ್ತು. ಹಲಸು, ಗೆಣಸಲ್ಲಿ ಪ್ರೋಟೀನ್ ಎಲ್ಲಿದೆ? ಕೊಬ್ಬು ಬರುತ್ತೆ, ಮಾಂಸ ಬರಲ್ಲ. ಸೋಯಾ ಹಿಂಡಿನೋ ಒಣ ಮೀನಿನ ಪುಡಿನೋ ಸ್ವಲ್ಪ ಆದ್ರೂ ಬೇಕು.

ಬೈಣಾ_ಕಡಲು:
ಇಷ್ಟೊತ್ತು ಓದಾಕತ್ತಿದ್ದೆ. ನಮ್ಮ ಮನೆತನದ ಕಸುಬ ಹಂದಿ, ಗದಗ ಕಡೆ ಅಜ್ಜ ಸಾಕತಿದ್ದ, ಅಪ್ಪ ಗೋವಾಕ್ಕ ದುಡಿಯಾಕ ಬಂದ ಮ್ಯಾಲೂ ಬಿಡಲಿಲ್ಲ. ಪುಸ್ತಕದಾಗ ಇಲ್ಲದ್ದು ನಾಕು ಮಾತು ಹೇಳ್ತೀನಿ ಕೇಳ್ರಿ.

ಒಂದ ಹಂದಿ ಸಾಕಬ್ಯಾಡ್ರಿ. ಒಂಟಿ ಇದ್ರ ಮೇವು ಮೂಸಿ ಬಿಡತೈತಿ. ಇನ್ನೊಂದು ಪಕ್ಕದಾಗಿದ್ರ ಅದಕ್ಕ ಸಿಗಬಾರದು ಅಂತನರ ತಿಂತೈತಿ.

ಮರಿ ತರೂಮುಂದ ಎರಡು ತಿಂಗಳದ್ದು ತರ್ರಿ, ತಾಯಿ ಹಾಲು ಬಿಟ್ಟು ಕಾಳು ತಿನ್ನಾಕ ಹತ್ತಿದ್ದು. ಗಂಡು ಇದ್ರ ಬೀಜ ಒಡೆದಿರಬೇಕು, ಇಲ್ಲಂದ್ರ ದೊಡ್ಡದಾದ ಮ್ಯಾಲೆ ಮಾಂಸ ಬೇಯಿಸಿದಾಗ ಒಂದು ಗಬ್ಬು ನಾತ ಬರ್ತೈತಿ, ಮಸಾಲಿ ಎಷ್ಟು ಹಾಕಿದ್ರೂ ಹೋಗಂಗಿಲ್ಲ. ಹಿಂಡಿನ್ಯಾಗ ಮೂಲ್ಯಾಗ ಮುದುಡಿ ಕುಂತಿದ್ದು ಬ್ಯಾಡ. ನೀವು ಒಳಗ ಕಾಲಿಟ್ಟ ಕೂಡ್ಲೆ ಗುರ್ ಅಂತ ಓಡಿ ಹೋಗಿ, ಮತ್ತ ತಿರುಗಿ ಬಂದು ಚಪ್ಪಲಿ ಮೂಸತೈತಲ್ಲ, ಅದನ್ನ ಹಿಡೀರಿ.

ಹಂದಿ ಗಲೀಜು ಅನ್ನಾವ್ರು ಹಂದಿ ನೋಡಿಲ್ಲ. ಮಲಗೂ ಜಾಗದಾಗ ಅದು ಹೇಲಂಗಿಲ್ಲ. ತಂದ ದಿನ ಶೆಡ್ಡಿನ ಮೋರಿ ಕಡೆ ಮೂಲಿಗೆ ನೀರು ಹಾಕಿ ಒದ್ದಿ ಮಾಡಿ, ಒಂದು ಹಿಡಿ ಸಗಣಿ ಅಲ್ಲೇ ಇಡ್ರಿ, ಉಳಿದ ನೆಲ ಒಣ ಇರಲಿ. ಮರುದಿನದಿಂದ ಎಲ್ಲಾ ಅಲ್ಲೇ ಹೋಗ್ತಾವು. ನಿಮ್ಮ ಕೆಲಸ ಅರ್ಧ ಕಮ್ಮಿ.

ಉಪ್ಪು ನೋಡ್ಕೋರಿ. ಖಾನಾವಳಿ ಮುಸುರ್ಯಾಗ ಉಪ್ಪಿನಕಾಯಿ, ಹಪ್ಪಳ, ಒಣ ಮೀನು ಇರ್ತಾವು. ಉಪ್ಪು ಜಾಸ್ತಿ ಹೋಗಿ ಕುಡಿಯಾಕ ನೀರು ಇಲ್ಲಂದ್ರ ಹಂದಿ ಗ್ವಾಡಿಗೆ ತಲಿ ಒತ್ತಿ ನಿಂತು ಫಿಟ್ಸ್ ಬಂದು ಸಾಯ್ತೈತಿ. ಜನ ಯಾರೋ ವಿಷ ಹಾಕಿದ್ರು ಅಂತ ಪಕ್ಕದಾವ್ರ ಕೂಡ ಜಗಳಾ ತಗೀತಾರ. ನೀರು ಇಪ್ಪತ್ನಾಕು ತಾಸೂ ಇರಬೇಕು, ದೊಡ್ಡ ಹಂದಿ ಬ್ಯಾಸಗಿಗೆ ಹತ್ತು ಲೀಟರ್ ಕುಡಿತೈತಿ.

ಮತ್ತ ಮೀನಿನ ಕಸ ಹಾಕ್ತಿದ್ರ ಕಡಿಯೂ ಮುಂಚೆ ಒಂದು ತಿಂಗಳು ಬಂದ್ ಮಾಡ್ರಿ, ಇಲ್ಲಂದ್ರ ಹಂದಿ ತಿಂದಂಗ ಆಗಂಗಿಲ್ಲ, ಬಂಗುಡೆ ತಿಂದಂಗ ಆಕ್ಕೈತಿ.

ಬಾಂದ್ರಾ_ಬಾಯಿ:
ಬಂಗುಡೆ ತಿಂದ ಹಾಗೆ 😂😂 ನಮ್ಮ ಕಾಲೋನಿಯಲ್ಲಿ ಒಮ್ಮೆ ಈಸ್ಟರ್‌ಗೆ ತಂದದ್ದು ಹಾಗೇ ಇತ್ತು, ಈಗ ಗೊತ್ತಾಯ್ತು ಯಾಕೆ ಅಂತ.

ಠಾಣೆ_ರಾಯ:
ಎಲ್ಲಾ ಸರಿ ಆದರೆ ಒಂದು ಮಾತು, ಬೇಜಾರಾಗಬೇಡಿ. ಹುಬ್ಬಳ್ಳಿ ಕಡೆಯವರು ಅಂತೀರಿ, ಊರಲ್ಲಿ ಹಂದಿ ಸಾಕ್ತೀನಿ ಅಂತ ಗೊತ್ತಾದ್ರೆ ಮನೆಗೆ ನೀರು ಕುಡಿಯೋಕೆ ಬರ್ತಾರಾ? ಮಕ್ಕಳ ಮದುವೆ ಗಿದುವೆ ಯೋಚನೆ ಮಾಡಿದ್ದೀರಾ?

ಬೈಣಾ_ಕಡಲು:
ನಮ್ಮ ಮನಿಗೆ ನೀರು ಕುಡಿಯಾಕ ಬರದವ್ರು ರಾತ್ರಿ ಹಿತ್ತಲ ಬಾಗಿಲಿಗೆ ಡಬ್ಬಿ ತಗೊಂಡು ಬರ್ತಿದ್ರು ರಾಯರ, ಕರಿ ಹಂದಿ ಖಾರ ಬೇಕಂತ. ಹೆಸರು ಹೇಳಂಗಿಲ್ಲ.

ಠಾಣೆ_ರಾಯ:
ನಾನು ಇರೋದನ್ನ ಹೇಳಿದೆ, ಸರಿ ಅಂತ ಹೇಳಲಿಲ್ಲ.

ಹುಬ್ಬಳ್ಳಿ_ಟು_ಕೆಪೆಂ:
ಅದರ ಚಿಂತಿ ನಂಗ ಬಿಡ್ರಿ ರಾಯರ, ಮದುವ್ಯಾದಾಗನ ಬರಾವ್ರು ಬಂದ್ರು, ಬಿಡಾವ್ರು ಬಿಟ್ರು. ಬೈಣಾದ ಅಣ್ಣಾವ್ರ, ಬಾಳ ಉಪಕಾರಾತ್ರಿ, ನಿಮ್ಮದು ಫೋನಿನ್ಯಾಗ ಸೇವ್ ಮಾಡಿಟ್ಟೀನಿ. ಪರ್ಮಿಷನ್ ಬಗ್ಗೆ ಯಾರೂ ಹೇಳಲಿಲ್ಲ?

ಪಣಜಿ_ವಕೀಲ:
ನಿಮ್ಮದು ಕೆಪೆಂ ಮುನ್ಸಿಪಾಲಿಟಿ ಒಳಗಾ ಹೊರಗಾ, ಅದೇ ಮೊದಲ ಪ್ರಶ್ನೆ. 2001ರ ಕಸಾಯಿಖಾನೆ ನಿಯಮದ ಪ್ರಕಾರ ಮುನ್ಸಿಪಲ್ ಹದ್ದಿನೊಳಗೆ ಲೈಸೆನ್ಸ್ ಇರುವ ಕಸಾಯಿಖಾನೆ ಬಿಟ್ಟು ಬೇರೆಲ್ಲೂ ಕಡಿಯುವಂತಿಲ್ಲ. ಬಾಳ್ಳಿ ಪಂಚಾಯ್ತಿ ಅಂದ್ರೆ ಪಂಚಾಯ್ತಿಗೆ ಒಂದು ಅರ್ಜಿ ಬರೆದು ಸೀಲು ಹಾಕಿಸಿದ ಕಾಪಿ ಇಟ್ಟುಕೊಳ್ಳಿ, ಬಾಯಿಮಾತಲ್ಲಿ ಬೇಡ. ನಾಳೆ ಯಾರಾದ್ರೂ ವಾಸನೆ ಅಂತ ಕಂಪ್ಲೇಂಟ್ ಕೊಟ್ಟರೆ ಕೆಲಸಕ್ಕೆ ಬರೋದು ಆ ಕಾಗದ. ಬೀಗರಿಗೆ ಕೊಡೋದು ಕೊಡೋದೇ, ಕಿಲೋಗೆ ಇಷ್ಟು ಅಂತ ದುಡ್ಡು ತಗೊಂಡ್ರೆ ಅದು ವ್ಯಾಪಾರ, ಆಗ ಫುಡ್ ಲೈಸೆನ್ಸ್ ಬೇಕು. (ಬಾಂದ್ರಾದವರ ನಾಲ್ಕು ಕಿಲೋ ಪುಕ್ಕಟೆನೇ ಕೊಡಬೇಕಾಗುತ್ತೆ.)

ಬಾಂದ್ರಾ_ಬಾಯಿ:
ಇದು ಒಳ್ಳೆ ಕಾನೂನು 👍

ಠಾಣೆ_ರಾಯ:
ಮುಂಬೈನಲ್ಲಾಗಿದ್ರೆ ಈ ಚರ್ಚೆನೇ ಇರ್ತಿರಲಿಲ್ಲ. ಪಾಲಿಕೆ ಲೈಸೆನ್ಸ್ ಇಲ್ಲದೆ ಹಂದಿ ಸಾಕೋ ಹಾಗೇ ಇಲ್ಲ, 1888ರ ಕಾಯ್ದೆಯಲ್ಲೇ ಬರೆದಿಟ್ಟಿದ್ದಾರೆ.

ಪುಣೆ_ಪೊನ್ನಂಪೇಟೆ:
ಕಡಿಯೋ ವಿಷಯ ಯಾಕೆ ಎಲ್ಲಾ ಹಾರಿಸ್ತಿದ್ದೀರಿ? ಕೊಡಗಿನವನು ನಾನು, ಈಗ ಪುಣೆ, ಹಂದಿ ಕಡಿದದ್ದು ನೋಡೇ ಬೆಳೆದವನು. ಕಲಿತವರನ್ನೇ ಕರೀರಿ, ಯೂಟ್ಯೂಬ್ ನೋಡಿ ಮಾಡೋ ಕೆಲಸ ಅಲ್ಲ ಇದು. ನಿಮ್ಮ ಕಡೆ ಹಳ್ಳಿಗಳಲ್ಲಿ ಫೆಸ್ಟ್ ಮದುವೆಗೆ ಹೋಗಿ ಕಡಿಯೋರು ಇದ್ದೇ ಇರ್ತಾರೆ, ಚರ್ಚ್ ಹತ್ರ ಕೇಳಿ. ಹಿಂದಿನ ಸಂಜೆಯಿಂದ ಮೇವು ಬಂದ್, ನೀರು ಮಾತ್ರ. ಓಡಿಸಿ ಅಟ್ಟಾಡಿಸಿ ಹಿಡಿದು ಕಡಿದ್ರೆ ಮಾಂಸ ಕೆಡುತ್ತೆ, ನೀರು ಬಿಟ್ಟುಕೊಂಡು ಪೇಲವ ಆಗುತ್ತೆ. ಅದಕ್ಕೂ ಹಿಂಸೆ, ನಿಮಗೂ ನಷ್ಟ.

ಇನ್ನು ಕೂದಲು. ಕುದಿಯೋ ನೀರು ಸುರಿದ್ರೆ ಕೂದಲು ಬರಲ್ಲ, ಚರ್ಮ ಬೆಂದು ಬುಡ ಕಚ್ಕೊಂಡುಬಿಡುತ್ತೆ. ಕುದಿ ಬಂದ ನೀರಿಗೆ ತಣ್ಣೀರು ಬೆರೆಸಿ 65 ಡಿಗ್ರಿ ಹತ್ತಿರ ತರಬೇಕು, ಬೆರಳು ಮೂರು ಸಲ ಬೇಗಬೇಗ ಅದ್ದೋಕಾಗಬೇಕು, ನಾಲ್ಕನೇ ಸಲ ಆಗಬಾರದು, ನಮ್ಮಲ್ಲಿ ಹಾಗೇ ನೋಡೋದು. ಗೋಣಿ ಚೀಲ ಹೊದಿಸಿ ಅದರ ಮೇಲೆ ಸುರೀರಿ, ಬಿಸಿ ನಿಲ್ಲುತ್ತೆ. ಸ್ವಲ್ಪ ಹೊತ್ತು ಬಿಟ್ಟು ಕಿವಿ ಹತ್ರ ಒಂದು ಚಿಟಿಕೆ ಕೂದಲು ಎಳೆದು ನೋಡಿ, ಸಲೀಸಾಗಿ ಬಂತು ಅಂದ್ರೆ ತೆಂಗಿನ ಚಿಪ್ಪಿನ ಅಂಚಲ್ಲಿ ಕೆರೆದ್ರೆ ಸಾಕು. ಉಳಿದದ್ದಕ್ಕೆ ಒಣ ತೆಂಗಿನ ಗರಿ ಹೊತ್ತಿಸಿ ಸುಡೋದು. ಆ ಸುಟ್ಟ ಚರ್ಮದ ಘಮ ಇಲ್ಲದಿದ್ರೆ ಪಂದಿ ಕರಿ ಪಂದಿ ಕರಿನೇ ಅಲ್ಲ.

ಬಾಂದ್ರಾ_ಬಾಯಿ:
ಚರ್ಮದ ಮಾತು ನೂರಕ್ಕೆ ನೂರು ಸರಿ. ಇಲ್ಲಿ ಕೋಲ್ಡ್ ಸ್ಟೋರೇಜ್‌ನವರು ಚರ್ಮ ತೆಗೆದು ಕೊಡ್ತಾರೆ, ಅದರಲ್ಲಿ ದುಕ್ರಾಮಾಸ್ ಮಾಡಿದ್ರೆ ಎಂಥ ರುಚಿ ಬರ್ಲಿಕ್ಕುಂಟು? ಆದ್ರೆ ನಿಮ್ಮ ಪಂದಿ ಕರಿ ಬರೀ ಹುಳಿ ಮಾರ್ರೆ, ಬಫಾತ್ ಪುಡಿ ಹಾಕಿ ಸನ್ನಾಂ ಜೊತೆ ತಿಂದು ನೋಡಿ ಒಮ್ಮೆ.

ಪುಣೆ_ಪೊನ್ನಂಪೇಟೆ:
ಬರೀ ಹುಳಿ ಅಂತೆ! ಕಾಚಂಪುಳಿ ಅಂದ್ರೆ ನಮ್ಮ ಕೊಡಗಿನ ಹಣ್ಣಿನ ಕಪ್ಪು ವಿನೆಗರ್, ಬರೀ ಹುಳಿ ಅಲ್ಲಮ್ಮ, ಅದು ಬೇರೆನೇ. ಕಪ್ಪಗೆ ಹುರಿದ ಮೆಣಸು ಜೀರಿಗೆ ಪುಡಿ ಬಿದ್ದು ಕೊನೆಗೆ ಕಾಚಂಪುಳಿ ಬಿದ್ದಾಗ ಕೊಬ್ಬು ಹೇಗಾಗುತ್ತೆ ಅಂತ ಕಡಂಬುಟ್ಟು ಜೊತೆ ತಿಂದವರಿಗೇ ಗೊತ್ತು.

ಮಡಗಾಂವ್_ಮೇಷ್ಟ್ರು:
ಇಬ್ಬರೂ ಗೋವಾಕ್ಕೆ ಬನ್ನಿ, ಮೂರು ದಿನ ಇಟ್ಟ ಸೊರ್ಪೊತೆಲ್ (ಇಲ್ಲಿನ ಹಂದಿ ಮಾಂಸದ ಅಡುಗೆ) ಕೊಡಿಸ್ತೀನಿ, ಜಗಳ ಮುಗಿಯುತ್ತೆ.

ಪುಣೆ_ಲೆಕ್ಕಿಗ:
ಮೂಲ ಪ್ರಶ್ನೆಗೆ ಬರೋಣ್ವಾ? ತಕ್ಕಡಿ ಇಲ್ಲದೆ ತೂಕ ನೋಡೋದು ಹೇಗೆ ಅಂತ ಯಾರೋ ಕೇಳ್ತಾರೆ ಅಂದ್ಕೊಂಡಿದ್ದೆ, ಕೇಳಲಿಲ್ಲ, ಆದರೂ ಹೇಳ್ತೀನಿ. ಮುಂಗಾಲ ಹಿಂದೆ ಎದೆ ಸುತ್ತಳತೆ ಮೀಟರ್‌ನಲ್ಲಿ ತಗೊಳ್ಳಿ, ಅದನ್ನ ಅದರಿಂದಲೇ ಗುಣಿಸಿ, ಕಿವಿ ನಡುವಿಂದ ಬಾಲದ ಬುಡದವರೆಗಿನ ಉದ್ದದಿಂದ ಗುಣಿಸಿ, ಆಮೇಲೆ 69.3ರಿಂದ. ಸುತ್ತಳತೆ 1.1, ಉದ್ದ 1.1 ಇದ್ರೆ 92 ಕಿಲೋ ಬರುತ್ತೆ. ಟೇಲರ್ ಟೇಪ್ ಸಾಕು, ಮೇವು ತಿನ್ನೋವಾಗ ಅಳೀರಿ.

ಹುಬ್ಬಳ್ಳಿ_ಟು_ಕೆಪೆಂ:
ಇದು ಚಲೋ ಆತು. ಶೆಡ್ಡಿಗೆ ಚಿರೇಕಲ್ಲು ಮನ್ಯಾಗ ಉಳದಾವು, ಹತ್ತಕ್ಕ ಹತ್ತು ಫೂಟು ಕಟ್ಟಿದ್ರ ಮೂರಕ್ಕ ಸಾಕೇನು? ಮತ್ತ ಮಳಿಗಾಲದಾಗ ಹೆಂಗ? ಇಲ್ಲಿ ಜೂನ್ ಬಂತಂದ್ರ ಮೂರು ತಿಂಗಳು ಬಿಡಂಗಿಲ್ಲ.

ಪಶುವೈದ್ಯ_ಫೋಂಡಾ:
ಮೂರಕ್ಕೆ ಧಾರಾಳ. ನೆಲ ನುಣುಪು ಸಿಮೆಂಟ್ ಬೇಡ, ಜಾರಿ ಕಾಲು ಮುರ್ಕೊಳ್ತವೆ, ಪೊರಕೆಯಲ್ಲಿ ಗೀರಿ ಒರಟು ಮಾಡಿಸಿ, ಮೋರಿ ಕಡೆ ಇಳಿಜಾರು. ಎತ್ತರದ ಜಾಗದಲ್ಲಿ ಕಟ್ಟಿ, ಬಾವಿಯಿಂದ ದೂರ. ಪಡುವಣ ಮಳೆಗೆ ಒಂದು ಕಡೆ ಪೂರ್ತಿ ಗೋಡೆ, ಉಳಿದದ್ದು ಅರ್ಧ ಗೋಡೆ, ಗಾಳಿ ಆಡಬೇಕು. ಬಿಳಿ ಹಂದಿ ಆದ್ರೆ ನೆರಳು ಬೇಕೇ ಬೇಕು, ಬಿಸಿಲಿಗೆ ಚರ್ಮ ಸುಡುತ್ತೆ. ಹಂದಿಗೆ ಬೆವರಿ ಮೈ ತಣ್ಣಗೆ ಮಾಡ್ಕೊಳ್ಳೋಕೆ ಬರಲ್ಲ, ಅದಕ್ಕೇ ಏಪ್ರಿಲ್-ಮೇನಲ್ಲಿ ಮಧ್ಯಾಹ್ನ ನೀರು ಚಿಮುಕಿಸಿ.

ಮಳೆಗಾಲದಲ್ಲಿ ನಿಮಗೆ ಹೇಳೋದು ಒಂದೇ, ಬರಿಗಾಲಲ್ಲಿ ಒಳಗೆ ಹೋಗಬೇಡಿ. ಇಲಿ ಜ್ವರ ಹಂದಿ ಮೂತ್ರದಿಂದಲೂ ಬರುತ್ತೆ, ಕಾಲಲ್ಲಿ ಸಣ್ಣ ಗಾಯ ಇದ್ರೂ ಸಾಕು. ಗಮ್‌ಬೂಟ್ ತಗೊಳ್ಳಿ. ಪಕ್ಕದಲ್ಲಿ ಗದ್ದೆ ಇದ್ರೆ ಸೊಳ್ಳೆ ವಿಷಯನೂ ನೋಡ್ಕೊಳ್ಳಿ, ಮೆದುಳು ಜ್ವರದ ವೈರಸ್ಸು ಹಂದಿ ಮೈಯಲ್ಲಿ ಹೆಚ್ಚುತ್ತೆ, ಅಲ್ಲಿಂದ ಸೊಳ್ಳೆ ಮನುಷ್ಯರಿಗೆ ತರುತ್ತೆ. ಶೆಡ್ ಮಲಗೋ ಕೋಣೆ ಕಿಟಕಿ ಕೆಳಗೆ ಬೇಡ.

ವಾಸ್ಕೋ_ಹಳಬ:
ಗೇರುಹಣ್ಣಿನ ವಿಷಯ ಯಾರೂ ಎಚ್ಚರಿಸಲಿಲ್ಲ. ಫೆನ್ನಿಗೆ ರಸ ಹಿಂಡಿದ ಸಿಪ್ಪೆ ಎರಡು ದಿನ ಬಿಟ್ಟು ಹಾಕಿದ್ರೆ ಹಂದಿಗೆ ಏರುತ್ತೆ. ನಮ್ಮ ಪಕ್ಕದ ಮನೆಯದು ಒಂದು ಸಲ ತಿಂದು ಗೇಟು ಮುರಿದು ಹೋಗಿ ತುಳಸಿಕಟ್ಟೆ ಪಕ್ಕ ಮಲಗಿತ್ತು, ಮಧ್ಯಾಹ್ನದವರೆಗೂ ಏಳಲಿಲ್ಲ.

ಪಶುವೈದ್ಯ_ಫೋಂಡಾ:
ಇದರಲ್ಲಿ ಮಾತ್ರ ಹಳಬರ ಜೊತೆ ನನ್ನ ಸಹಮತ ಇದೆ. ತಾಜಾ ಹಾಕಿ, ಇಲ್ಲಾ ಒಣಗಿಸಿ ಪುಡಿ ಮಾಡಿ ಹಾಕಿ.

ಹುಬ್ಬಳ್ಳಿ_ಟು_ಕೆಪೆಂ:
😂 ಸರಿ. ಈಗ ಹಿಂಗ ಅಂದ್ಕೊಂಡೀನಿ. ಖಾನಾವಳಿ ಗೆಳೆಯಾಗ ಮುಸುರಿ ಬ್ಯಾಡ, ಬರೇ ಅನ್ನ ಬಸಿದ ಗಂಜಿ ಮತ್ತ ಕಾಯಿಪಲ್ಯೆ ಸಿಪ್ಪಿ ಬ್ಯಾರೆ ಬಕೆಟ್ಟಿನ್ಯಾಗ ಕೊಡು ಅಂತ ಹೇಳ್ತೀನಿ, ಅದನ್ನೂ ಕುದಿಸೇ ಹಾಕೂದು. ಕ್ರಾಸ್ ಮರಿ ಎರಡು, ಕರೀದು ಒಂದು. ಮಳಿ ಮುಗದ ಮ್ಯಾಲೆ ಅಕ್ಟೋಬರ್‌ನಾಗ ತರ್ತೀನಿ.

ಬೈಣಾ_ಕಡಲು:
ಕರೀದನ್ನ ಅವುಗಳ ಕೂಡ ಒಂದ ಶೆಡ್ಡಿನ್ಯಾಗ ಹಾಕಬ್ಯಾಡ್ರಿ, ಸಣ್ಣದು, ಮೇವಿಗೆ ಬಿಡಂಗಿಲ್ಲ ಅವು. ಮೂರೂ ಒಂದ ಸೈಜಿಂದು ತರ್ರಿ, ಇಲ್ಲಂದ್ರ ನಡುವ ಒಂದು ಗ್ವಾಡಿ ಎಬ್ಬಿಸಿ ಆ ಕಡೆ ಎರಡು ಕರೀವು ಇಡ್ರಿ. ಮರಿ ಆರಿಸೂ ಮುಂದ ಫೋನ್ ಮಾಡ್ರಿ, ಐತವಾರ ಆದ್ರ ನಾನೂ ಬರ್ತೀನಿ.

ಪುಣೆ_ಲೆಕ್ಕಿಗ:
ಅಕ್ಟೋಬರ್‌ಗೆ ಎರಡು ತಿಂಗಳ ಮರಿ ತಂದ್ರೆ ಕ್ರಿಸ್ಮಸ್ಸಿಗೆ ಅದಿನ್ನೂ ನಾಲ್ಕೈದು ತಿಂಗಳ ಕೂಸು, 40 ಕಿಲೋನೂ ದಾಟಿರಲ್ಲ. ಬಾಂದ್ರಾದವರು ಬುಕಿಂಗ್ ಮುಂದಿನ ಏಪ್ರಿಲ್‌ಗೆ ಬದಲಾಯಿಸ್ಕೊಳ್ಳಿ.

ಬಾಂದ್ರಾ_ಬಾಯಿ:
ಈಸ್ಟರ್ ಅಂತ ಬರ್ಕೊಳ್ಳಿ ಹಾಗಾದ್ರೆ. ಪೊನ್ನಂಪೇಟೆಯವರೇ, ಆ ಕಾಚಂಪುಳಿ ಒಂದು ಬಾಟ್ಲಿ ಪುಣೆಯಿಂದ ಕಳಿಸ್ಲಿಕ್ಕಾಗ್ತದಾ? ಸುಮ್ನೆ ನೋಡ್ಲಿಕ್ಕೆ, ಒಪ್ಪಿದೆ ಅಂತ ಅಲ್ಲ.